ಹಳೆಯ ಲಾರಾ ಕಾರಿಗೆ ಹೊಸ ಸ್ಟ್ರಟ್ ಆರಿಸಿದ ಅನುಭವ

ನಮ್ಮ ಮನೆಯ ಸ್ಕೋಡಾ ಲಾರಾ 2008ರ ಮಾದರಿಯದು. 1.9 ಲೀಟರಿನ ಟಿಡಿಐ ಡೀಸೆಲ್ ಎಂಜಿನ್ ಮತ್ತು ಐದು ಗೇರುಗಳ ಈ ಕಾರನ್ನು ನಾನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಾಗ ಅದು 90 ಸಾವಿರ ಕಿಲೋಮೀಟರ್ ಓಡಿತ್ತು. ಈಗ ಹೇಳಹೊರಟಿರುವ ಕೆಲಸ, ಅಂದರೆ ಮುಂದಿನ ಚಕ್ರಗಳ ಮೇಲೆ ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಒಟ್ಟಿಗೆ ಹಿಡಿದಿರುವ ‘ಸ್ಟ್ರಟ್’ಗಳ ಬದಲಾವಣೆ, ನಡೆದಾಗ ಮೀಟರು 1,46,000 ದಾಟಿತ್ತು. ಶಿವಮೊಗ್ಗದಲ್ಲಿ ನಮ್ಮ ವಾಸ. ಹೆಂಡತಿಯ ತವರು ಹೆಬ್ರಿಯ ಹತ್ತಿರ. ಆದ್ದರಿಂದ ತೀರ್ಥಹಳ್ಳಿಯ ಮೇಲೆ ಹೋಗಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿದು ಹತ್ತುವುದು ಈ ಕಾರಿಗೆ ತಿಂಗಳಿಗೊಮ್ಮೆಯಾದರೂ ತಪ್ಪದು. ಕಾರಿನ ಮುಂಭಾಗದಲ್ಲಿ ಏನೋ ಸರಿಯಿಲ್ಲವೆಂದು ನನಗೆ ಮೊದಲು ತಿಳಿದದ್ದೂ ಆ ಘಾಟಿಯಲ್ಲೇ. ತಿರುವಿನ ನಡುವೆ ಸಣ್ಣದೊಂದು ಹಳ್ಳ ಸಿಕ್ಕರೆ ಸಾಕು, ಕಾರಿನ ಮೂತಿ ಒಮ್ಮೆ ಕುಗ್ಗಿ ಏಳುವಲ್ಲಿಗೆ ನಿಲ್ಲದೆ ಮತ್ತೊಮ್ಮೆ ತೂಗುತ್ತಿತ್ತು, ಆ ಅರೆಕ್ಷಣದಲ್ಲಿ ಸ್ಟೀರಿಂಗ್ ಕೈಯಲ್ಲಿ ಹಗುರವಾದಂತೆ ಅನಿಸುತ್ತಿತ್ತು. ಇದರ ಜೊತೆಗೆ ರೋಡ್ ಹಂಪ್‌ಗಳನ್ನು ನಿಧಾನವಾಗಿ ದಾಟುವಾಗ ಎಡಗಡೆಯಿಂದ ‘ಟಕ್’ ಎಂಬ ಒಣ ಸದ್ದು ಕೇಳಿಸುತ್ತಿತ್ತು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಬಿಗಿಹಿಡಿದು ಬಿಟ್ಟಂತೆ ‘ಟಣ್’ ಎನ್ನುತ್ತಿತ್ತು.

ಒಂದು ದೊಡ್ಡ ವರ್ಕ್‌ಶಾಪಿಗೆ ಕೊಂಡೊಯ್ದೆ. ಅಲ್ಲಿ ಕಾರನ್ನು ಹತ್ತು ನಿಮಿಷ ಓಡಿಸಿ ನೋಡಿ, ನಾಲ್ಕೂ ಶಾಕ್ ಅಬ್ಸಾರ್ಬರ್, ನಾಲ್ಕೂ ಸ್ಪ್ರಿಂಗ್, ಲೋವರ್ ಆರ್ಮ್, ಲಿಂಕ್ ರಾಡ್ ಎಲ್ಲವನ್ನೂ ಸೇರಿಸಿದ ಒಂದು ಪಟ್ಟಿಯನ್ನು ಕೈಗೆ ಕೊಟ್ಟರು. ಮೊತ್ತ ಒಂದು ಲಕ್ಷದ ಹತ್ತಿರವಿತ್ತು. ಯಾವ ಭಾಗ ಏಕೆ ಕೆಟ್ಟಿದೆಯೆಂದು ಕೇಳಿದ್ದಕ್ಕೆ, “ಕಾರಿಗೆ ವಯಸ್ಸಾಗಿದೆ ಸರ್, ಎಲ್ಲಾ ಒಟ್ಟಿಗೆ ಮಾಡಿಸಿದರೆ ನಿಶ್ಚಿಂತೆ” ಎಂಬ ಉತ್ತರ ಬಂತು. ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ಉತ್ತರ. ಕೆಟ್ಟದ್ದು ಯಾವುದೆಂದು ತಿಳಿಯದೆ ಎಲ್ಲವನ್ನೂ ಬದಲಾಯಿಸಿದರೆ, ಮುಂದೆ ಅದೇ ಸದ್ದು ಮತ್ತೆ ಬಂದಾಗ ನಾನು ಪುನಃ ಅಜ್ಞಾನದಲ್ಲೇ ಇರುತ್ತೇನೆ. ಕಾರನ್ನು ಹಿಂದಕ್ಕೆ ತಂದು, ನಮ್ಮ ಊರಿನಲ್ಲಿ ಜರ್ಮನ್ ಕಾರುಗಳ ಕೆಲಸವನ್ನು ಬಹುಕಾಲದಿಂದ ಮಾಡುತ್ತಿರುವ ಮೇಸ್ತ್ರಿಯೊಬ್ಬರ ಬಳಿ ಹೋದೆ.

ಮೇಸ್ತ್ರಿಯವರು ಮೊದಲು ಮಾಡಿದ್ದು ಸದ್ದುಗಳನ್ನು ಬೇರೆಬೇರೆ ಮಾಡುವ ಕೆಲಸ. ಕಾರನ್ನು ಲಿಫ್ಟಿನ ಮೇಲೆ ಎತ್ತಿ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸ್ಟೆಬಿಲೈಸರ್ ಬಾರನ್ನು ಸ್ಟ್ರಟ್ಟಿಗೆ ಜೋಡಿಸುವ ಲಿಂಕ್ ರಾಡನ್ನು ಕೈಯಲ್ಲಿ ಅಲುಗಿಸಿದರು. ಎಡಗಡೆಯದರ ಬಾಲ್ ಜಾಯಿಂಟ್ ಸಡಿಲವಾಗಿತ್ತು. ‘ಟಕ್’ ಎಂಬ ಸದ್ದಿನ ಬಹುಪಾಲು ಅದರದೇ. ಆಮೇಲೆ ಕಾರನ್ನು ನೆಲಕ್ಕಿಳಿಸಿ, ನನ್ನ ಕೈಯನ್ನು ಮುಂದಿನ ಸ್ಪ್ರಿಂಗಿನ ಮೇಲೆ ಇರಿಸಿ, ಹುಡುಗನಿಗೆ ಸ್ಟೀರಿಂಗ್ ತಿರುಗಿಸಲು ಹೇಳಿದರು. ಬಲಗಡೆ ಸ್ಪ್ರಿಂಗ್ ಚಕ್ರದ ಜೊತೆಯಲ್ಲೇ ನುಣುಪಾಗಿ ತಿರುಗಿತು. ಎಡಗಡೆ ಅದು ತಿರುಗದೆ ಬಿಗಿಯಾಗುತ್ತ ಹೋಗಿ ಒಮ್ಮೆಲೇ ಜಿಗಿಯಿತು, ‘ಟಣ್’ ಎಂದಿತು. ಸ್ಟ್ರಟ್ಟಿನ ನೆತ್ತಿಯಲ್ಲಿ ಕುಳಿತಿರುವ ಬೇರಿಂಗ್ ಹಿಡಿದುಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿರಲಿಲ್ಲ. ಮೂರನೆಯದಾಗಿ ಟೈರುಗಳ ಮೇಲೆ ಅಂಗೈ ಸವರಿ ನೋಡಲು ಹೇಳಿದರು. ಎಡ ಟೈರಿನ ಮೈಯಲ್ಲಿ ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ಉಬ್ಬು ಇದ್ದವು. ಚಕ್ರ ರಸ್ತೆಯನ್ನು ಒತ್ತಿಹಿಡಿಯದೆ ಪುಟಿಯುತ್ತ ಓಡಿದರೆ ಟೈರು ಹೀಗೆ ಸವೆಯುತ್ತದೆ. ಸ್ಟ್ರಟ್ಟಿನ ಮೇಲಿದ್ದ ಧೂಳಿನ ಕವಚವನ್ನು ಮೇಲೆತ್ತಿದಾಗ ಕೊಳವೆಯ ಅರ್ಧದವರೆಗೂ ಎಣ್ಣೆ ಇಳಿದು ಕೆಸರು ಕಟ್ಟಿತ್ತು. ಕಾರಿನ ಮೂಲೆಯನ್ನು ಒತ್ತಿ ಬಿಟ್ಟು ಎಷ್ಟು ಬಾರಿ ಕುಣಿಯುತ್ತದೆಂದು ಎಣಿಸುವ ಹಳೆಯ ಪರೀಕ್ಷೆಯನ್ನು ನಾನು ಮನೆಯಲ್ಲೇ ಮಾಡಿದ್ದೆ, ಕಾರು ಕುಣಿದಿರಲಿಲ್ಲ. ಈಗಿನ ಕಾರುಗಳಲ್ಲಿ ಬುಷ್‌ಗಳ (ಕೀಲುಗಳಲ್ಲಿನ ರಬ್ಬರ್ ಮೆತ್ತೆಗಳ) ಬಿಗುವೇ ಅಷ್ಟು ಒತ್ತಡವನ್ನು ನುಂಗುವುದರಿಂದ, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಪೂರ್ತಿ ಸತ್ತಿದ್ದರೆ ಮಾತ್ರ ಆ ಪರೀಕ್ಷೆ ಹೇಳೀತು, ಅರ್ಧ ಸತ್ತದ್ದನ್ನು ಅದು ಹೇಳುವುದಿಲ್ಲ.

ಸ್ಟ್ರಟ್ ಎಂಬ ಈ ಭಾಗದ ಕೆಲಸವನ್ನು ನಾನು ಸರಿಯಾಗಿ ತಿಳಿದುಕೊಂಡದ್ದು ಆ ವಾರದಲ್ಲೇ. ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗ್. ಒಳಗಿನ ಡ್ಯಾಂಪರ್ ಭಾರವನ್ನು ಹೊರುವುದಿಲ್ಲ, ಸ್ಪ್ರಿಂಗಿನ ತೂಗಾಟವನ್ನು ತಡೆಯುತ್ತದೆ. ಎಣ್ಣೆ ತುಂಬಿದ ಕೊಳವೆಯಲ್ಲಿ ಪಿಸ್ಟನ್ ಚಲಿಸುವಾಗ ಎಣ್ಣೆಯು ಸಣ್ಣ ಕವಾಟಗಳ ಮೂಲಕ ನುಗ್ಗಿಹೋಗಬೇಕಾಗುತ್ತದೆ, ಆ ತಡೆಯಲ್ಲಿ ಚಲನೆಯ ಶಕ್ತಿ ಶಾಖವಾಗಿ ಕರಗುತ್ತದೆ. ಕಾರಿನ ಒಡಲು ಸೆಕೆಂಡಿಗೆ ಒಂದರಿಂದ ಒಂದೂವರೆ ಬಾರಿಯಷ್ಟು ನಿಧಾನವಾಗಿ ತೂಗಿದರೆ, ಚಕ್ರ ಮತ್ತು ಅದರ ಜೊತೆಗಿನ ಭಾಗಗಳು ಸೆಕೆಂಡಿಗೆ ಹತ್ತು ಹನ್ನೆರಡು ಬಾರಿ ಅದುರುತ್ತವೆ. ಒಂದೇ ಡ್ಯಾಂಪರ್ ಎರಡನ್ನೂ ಹಿಡಿತದಲ್ಲಿಡಬೇಕು. ನನ್ನ ಕಾರಿನಲ್ಲಿರುವ ಮ್ಯಾಕ್‌ಫರ್ಸನ್ ಬಗೆಯ ಸ್ಟ್ರಟ್‌ನಲ್ಲಿ ಇನ್ನೊಂದು ಹೊರೆಯೂ ಸೇರುತ್ತದೆ. ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ, 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಬಂದ ಈ ವಿನ್ಯಾಸದಲ್ಲಿ ಚಕ್ರವನ್ನು ಮೇಲಿನಿಂದ ಹಿಡಿಯುವ ಆರ್ಮ್ ಇರುವುದಿಲ್ಲ. ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಕೆಲಸವನ್ನೂ ಬ್ರೇಕ್ ಮತ್ತು ತಿರುವಿನ ಒತ್ತಡವನ್ನು ತಾಳುವ ಕೆಲಸವನ್ನೂ ಆ ಕೊಳವೆ ಮತ್ತು ಪಿಸ್ಟನ್ ರಾಡ್‌ಗಳೇ ಮಾಡಬೇಕು. ಆದ್ದರಿಂದಲೇ ಹಿಂದಿನ ಶಾಕ್ ಅಬ್ಸಾರ್ಬರಿಗೆ ಹೋಲಿಸಿದರೆ ಮುಂದಿನ ಸ್ಟ್ರಟ್‌ನ ರಾಡು ಅಷ್ಟು ದಪ್ಪ. ಅದರ ಆಯ್ಕೆಯಲ್ಲಿ ತಪ್ಪಿದರೆ ಕೇವಲ ಕುಲುಕಾಟದಲ್ಲಿ ಮುಗಿಯದೆ ಸ್ಟೀರಿಂಗ್ ಕೂಡ ಕೆಡುತ್ತದೆ.

ಇಷ್ಟು ತಿಳಿದ ಮೇಲೆ, ಯಾವ ಕಂಪನಿಯದು ಒಳ್ಳೆಯದು ಎಂದು ಹತ್ತಾರು ಜನರನ್ನು ಕೇಳಿದೆ. ನನ್ನ ಮೊದಲ ತಪ್ಪು ಅದು. ಕೇಳಬೇಕಾಗಿದ್ದ ಪ್ರಶ್ನೆ, ನನ್ನ ಕಾರಿಗೆ ಕಾರ್ಖಾನೆಯಲ್ಲಿ ಹಾಕಿದ್ದು ಏನು ಎಂಬುದು. ಲಾರಾ ಎಂದು ನಾವು ಕರೆಯುವ ಕಾರು ಯುರೋಪಿನಲ್ಲಿ ಎರಡನೆಯ ತಲೆಮಾರಿನ ಆಕ್ಟೇವಿಯಾ; ನಮ್ಮಲ್ಲಿ ಮೊದಲ ಆಕ್ಟೇವಿಯಾ ಇನ್ನೂ ಮಾರಾಟದಲ್ಲಿದ್ದುದರಿಂದ ಇದಕ್ಕೆ ಬೇರೆ ಹೆಸರಿಟ್ಟು ಔರಂಗಾಬಾದಿನಲ್ಲಿ ಜೋಡಿಸಿದರು. ಐದನೆಯ ತಲೆಮಾರಿನ ಗಾಲ್ಫ್, ಅದೇ ಕಾಲದ ಜೆಟ್ಟಾ ಮತ್ತು ಆಡಿ ಎ3 ಕಾರುಗಳೂ ಇದೇ ಅಡಿಪಾಯದ ಮೇಲೆ ನಿಂತಿವೆ. ಇದರಿಂದ ಬಿಡಿಭಾಗಗಳು ಹೇರಳವಾಗಿ ಸಿಗುತ್ತವೆ, ತೊಡಕು ಹುಟ್ಟುವುದೂ ಅದೇ ಕಾರಣದಿಂದ. ಒಂದೇ ಅಡಿಪಾಯದಲ್ಲಿ ಸಾಧಾರಣ, ಸ್ಪೋರ್ಟ್, ಕೆಟ್ಟ ರಸ್ತೆಗೆಂದು ಎತ್ತರಿಸಿದ್ದು ಎಂದು ಹಲವು ಬಗೆಯ ಸಸ್ಪೆನ್ಷನ್‌ಗಳಿವೆ. ಮುಂದಿನ ಸ್ಟ್ರಟ್‌ನ ಭಾಗಸಂಖ್ಯೆ 1ಕೆ0 413 031 ಎಂದು ಆರಂಭವಾಗುತ್ತದೆ, ಆದರೆ ಅದರ ಕೊನೆಯಲ್ಲಿ ಬರುವ ಒಂದೆರಡು ಅಕ್ಷರಗಳಲ್ಲೇ ಇಡೀ ವ್ಯತ್ಯಾಸ ಅಡಗಿರುತ್ತದೆ. ಭಾರತಕ್ಕೆ ಬಂದ ಲಾರಾ ಯುರೋಪಿನ ಸಾಮಾನ್ಯ ಆಕ್ಟೇವಿಯಾಕ್ಕಿಂತ ನೆಲದಿಂದ ತುಸು ಎತ್ತರದಲ್ಲಿ ನಿಲ್ಲುತ್ತದೆ. ಹಾಗಾಗಿ ಯುರೋಪಿನ ಕೆಟಲಾಗಿನಲ್ಲಿ ‘ಆಕ್ಟೇವಿಯಾ, 1.9 ಟಿಡಿಐ, 2008’ ಎಂದು ಹುಡುಕಿ ಮೊದಲು ಕಂಡದ್ದನ್ನು ತರಿಸಿಕೊಳ್ಳುವುದು ಕುರುಡು ಆಯ್ಕೆಯೇ ಸರಿ.

ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯ ಪಕ್ಕದಲ್ಲಿ ಒಂದು ಬಿಳಿಯ ಚೀಟಿ ಅಂಟಿಸಿರುತ್ತಾರೆ. ಸರ್ವಿಸ್ ಪುಸ್ತಕದ ಮೊದಲ ಪುಟದಲ್ಲೂ ಅದರದೇ ಪ್ರತಿ ಇರುತ್ತದೆ. ಅದರ ಮೇಲೆ ಮೂರು ಮೂರು ಅಕ್ಷರಗಳ ಸಂಕೇತಗಳು ಸಾಲಾಗಿ ಮುದ್ರಿತವಾಗಿರುತ್ತವೆ. ಎಂಜಿನ್, ಗೇರ್‌ಬಾಕ್ಸ್, ಬಣ್ಣ, ಮುಂದಿನ ಆಕ್ಸಲಿನ ತೂಕದ ವರ್ಗ, ಸಸ್ಪೆನ್ಷನ್ನಿನ ಬಗೆ ಎಲ್ಲವೂ ಅಲ್ಲಿವೆ. ನನ್ನ ಕಾರಿನ ಚೀಟಿ ತೇವಕ್ಕೆ ಅರ್ಧ ಅಳಿಸಿಹೋಗಿತ್ತು, ಪುಣ್ಯಕ್ಕೆ ಹಿಂದಿನ ಮಾಲೀಕರು ಸರ್ವಿಸ್ ಪುಸ್ತಕವನ್ನು ಜೋಪಾನ ಮಾಡಿದ್ದರು. ಚಾಸಿ ಸಂಖ್ಯೆಯನ್ನೂ ಆ ಸಂಕೇತಗಳನ್ನೂ ಬಿಡಿಭಾಗಗಳ ಕೌಂಟರಿನಲ್ಲಿ ಕೊಟ್ಟಾಗ ಅವರು ಕಂಪ್ಯೂಟರಿನಲ್ಲಿ ನೋಡಿ ನನ್ನ ಕಾರಿಗೇ ಸಲ್ಲುವ ಪೂರ್ಣ ಸಂಖ್ಯೆಯನ್ನು ಬರೆದುಕೊಟ್ಟರು. ಕಾರುಳ್ಳವರಲ್ಲಿ ಬಹಳ ಮಂದಿಗೆ ಈ ಚೀಟಿಯ ಇರವೇ ತಿಳಿಯದು; ಹಳೆಯ ಫೋಕ್ಸ್‌ವ್ಯಾಗನ್, ಆಡಿ, ಸ್ಕೋಡಾ ಇಟ್ಟುಕೊಂಡವರು ಇಂದೇ ಹೋಗಿ ಅದರದೊಂದು ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಚೀಟಿಗಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯನ್ನು ನಾನು ಕಷ್ಟಪಟ್ಟು ಕಲಿತೆ. ಈ ಅಡಿಪಾಯದ ಕಾರುಗಳಲ್ಲಿ ಸ್ಟ್ರಟ್‌ನ ಕೆಳತುದಿಯು ಬೋಲ್ಟುಗಳ ಪಟ್ಟಿಗೆ ಕೂರುವುದಿಲ್ಲ. ಚಕ್ರದ ಬೇರಿಂಗನ್ನು ಹಿಡಿದಿರುವ ‘ನಕಲ್’ ಎಂಬ ಭಾಗದಲ್ಲಿ ಸೀಳಿದ ಉಂಗುರದಂತಹ ತೂತಿದೆ, ಕೊಳವೆ ಅದರೊಳಗೆ ಇಳಿದು ಒಂದೇ ಬೋಲ್ಟಿನ ಬಿಗಿತದಲ್ಲಿ ನಿಲ್ಲುತ್ತದೆ. ಆ ತೂತಿನ ಅಳತೆ ಎರಡು ಬಗೆ: 50 ಮಿಲಿಮೀಟರ್ ಮತ್ತು 55 ಮಿಲಿಮೀಟರ್. ಒಂದಕ್ಕೆ ಹೊಂದುವುದು ಇನ್ನೊಂದಕ್ಕೆ ಹೊಂದುವುದಿಲ್ಲ, ತಯಾರಿಯ ವರ್ಷ ನೋಡಿ ಯಾವುದೆಂದು ನಿಶ್ಚಯವಾಗಿ ಹೇಳಲಾಗುವುದೂ ಇಲ್ಲ. ನಾನು ಸಂಕೇತಗಳನ್ನು ಕಲೆಹಾಕುವ ಮೊದಲೇ ಅವಸರಪಟ್ಟು, ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಗೆ ಫೋನ್ ಮಾಡಿ, ಮಾದರಿ ಮತ್ತು ವರ್ಷ ಹೇಳಿ ಒಂದು ಜೊತೆ ತರಿಸಿಕೊಂಡಿದ್ದೆ. ಬಂದದ್ದು 50 ಮಿಲಿಮೀಟರಿನದು. ಮೇಸ್ತ್ರಿಯವರು ಪೆಟ್ಟಿಗೆ ತೆರೆದವರೇ ವರ್ನಿಯರ್ ಕ್ಯಾಲಿಪರ್ ತಂದು ಹೊಸದನ್ನೂ, ಕಾರಿನಲ್ಲಿದ್ದ ಹಳೆಯದರ ಕೊಳವೆಯನ್ನು ನಕಲ್‌ನ ತುಸು ಮೇಲೆ ಒರೆಸಿ ಅದನ್ನೂ ಅಳೆದು ತೋರಿಸಿದರು: ನನ್ನ ಕಾರಿನದು 55. “ಸಾರ್, ಐದು ನಿಮಿಷದ ಅಳತೆ ಇದು. ಮೊದಲೇ ಬಂದಿದ್ದರೆ ನಾನೇ ಅಳೆದುಕೊಡ್ತಿದ್ದೆ” ಎಂದರು. ವಾಪಸು ತೆಗೆದುಕೊಳ್ಳಲು ಅಂಗಡಿಯವರು ಮೊದಲು ಒಪ್ಪಲಿಲ್ಲ. ಕೊನೆಗೆ ಸಾಗಣೆ ವೆಚ್ಚವನ್ನೂ ಬೆಲೆಯ ಹತ್ತನೆಯ ಒಂದು ಭಾಗವನ್ನೂ ಕಳೆದುಕೊಂಡು ಹಿಂದಿರುಗಿಸಿದೆ.

ಈಗ ನಿಜವಾದ ಆಯ್ಕೆಯ ಮಾತು. ಅಳತೆ ಮತ್ತು ಸಂಕೇತ ಎರಡೂ ಕೈಯಲ್ಲಿದ್ದುದರಿಂದ ನನ್ನ ಮುಂದೆ ಉಳಿದದ್ದು ನಾಲ್ಕೈದು ದಾರಿ ಮಾತ್ರ. ಮೊದಲನೆಯದು ಕಾರಿನ ಕಂಪನಿಯದೇ ಪೆಟ್ಟಿಗೆಯಲ್ಲಿ ಬರುವ ಭಾಗ. ಎರಡನೆಯದು ಅದನ್ನೇ ತಯಾರಿಸುವವರು ತಮ್ಮ ಹೆಸರಿನಲ್ಲಿ ಮಾರುವ ಭಾಗ. ಹಳೆಯ ಸ್ಟ್ರಟ್‌ನ ಕೊಳವೆಯನ್ನು ಡೀಸೆಲ್ ಹಾಕಿ ಒರೆಸಿದಾಗ ಕಾರಿನ ಕಂಪನಿಯ ಗುರುತಿನ ಪಕ್ಕದಲ್ಲೇ ಸಾಕ್ಸ್ ಎಂಬ ಹೆಸರು ಕಂಡಿತ್ತು. ಜರ್ಮನಿಯ ಶ್ವೈನ್‌ಫುರ್ಟ್‌ನಲ್ಲಿ 1895ರಲ್ಲಿ ಹುಟ್ಟಿ ಈಗ ಝಡ್‌ಎಫ್ ಸಮೂಹಕ್ಕೆ ಸೇರಿರುವ ಸಂಸ್ಥೆ ಅದು. ಮೂರನೆಯದು ಜಪಾನಿನ ಕೆವೈಬಿ ಮತ್ತು ಮನ್ರೋದಂತಹ ಹೆಸರಾಂತ ತಯಾರಕರ ಬದಲಿ ಭಾಗಗಳು. ನಾಲ್ಕನೆಯದು ಬಿಲ್‌ಸ್ಟೈನ್. ಅದರಲ್ಲೇ ಎರಡು ದರ್ಜೆ: ಬಿ4 ಎಂಬುದು ಮೂಲದ ಗುಣಕ್ಕೆ ಸಮನಾದದ್ದು, ಬಿ6 ಎಂಬುದು ಅದೇ ಎತ್ತರವನ್ನು ಉಳಿಸಿಕೊಂಡು ಹೆಚ್ಚು ಬಿಗಿಯಾದದ್ದು. ಇಲ್ಲೊಂದು ಎಚ್ಚರಿಕೆಯ ಮಾತು ಸೇರಿಸಬೇಕು. ಫೆಬಿ ಬಿಲ್‌ಸ್ಟೈನ್ ಎಂಬ ಹೆಸರಿನ ಬಿಡಿಭಾಗಗಳೂ ಮಾರುಕಟ್ಟೆಯಲ್ಲಿವೆ, ಎರಡೂ ಎನ್ನೆಪೆಟಾಲ್ ಎಂಬ ಒಂದೇ ಊರಿನವು, ಆದರೆ ಎರಡೂ ಬೇರೆ ಬೇರೆ ಸಂಸ್ಥೆಗಳು. ಒಂದರ ಹೆಸರು ನೋಡಿ ಇನ್ನೊಂದೆಂದು ಭಾವಿಸಿ ಕೊಳ್ಳಬಾರದು.

ನನ್ನ ಮನಸ್ಸು ಬಹಳ ದಿನ ಬಿ6ರ ಕಡೆಗೇ ವಾಲಿತ್ತು. ಸಾಮಾನ್ಯ ಸ್ಟ್ರಟ್‌ನಲ್ಲಿ ಕೊಳವೆಯೊಳಗೆ ಇನ್ನೊಂದು ಕೊಳವೆ ಇರುತ್ತದೆ, ಎಣ್ಣೆ ಒಳಗಿನಿಂದ ಹೊರಗಿನ ಕೊಳವೆಗೆ ಹೋಗಿ ಬರುತ್ತದೆ, ಎಣ್ಣೆ ನೊರೆಯಾಗದಿರಲೆಂದು ಕಡಿಮೆ ಒತ್ತಡದ ಸಾರಜನಕ ತುಂಬಿರುತ್ತಾರೆ. ಬಿ6ರಂತಹ ಒಂದೇ ಕೊಳವೆಯ ಬಗೆಯಲ್ಲಿ ಅನಿಲವನ್ನೂ ಎಣ್ಣೆಯನ್ನೂ ನಡುವೆ ತೇಲುವ ಪಿಸ್ಟನ್ನಿನಿಂದ ಬೇರ್ಪಡಿಸಿ ಅನಿಲವನ್ನು ಹೆಚ್ಚು ಒತ್ತಡದಲ್ಲಿಡುತ್ತಾರೆ. ಎಣ್ಣೆಯ ಶಾಖ ನೇರವಾಗಿ ಹೊರಗೋಡೆಗೆ ಹಾಯುವುದರಿಂದ ಬೇಗ ತಣಿಯುತ್ತದೆ, ಉದ್ದದ ಘಾಟಿಯಲ್ಲೂ ಹಿಡಿತ ಕುಂದುವುದಿಲ್ಲ. ಕಾಗದದ ಮೇಲೆ ಇದೇ ಶ್ರೇಷ್ಠವೆಂದು ತೋರುತ್ತದೆ. ಆದರೆ ನಾನು ಓಡಿಸುವ ರಸ್ತೆಯನ್ನು ಮುಂದಿಟ್ಟುಕೊಂಡು ಯೋಚಿಸಿದಾಗ ಲೆಕ್ಕ ಬೇರೆಯಾಯಿತು. ಆಗುಂಬೆಯ ತಿರುವುಗಳಲ್ಲಿ ನನ್ನ ವೇಗ ಇಪ್ಪತ್ತು ಮೂವತ್ತನ್ನು ಮೀರುವುದಿಲ್ಲ, ಅಲ್ಲಿ ಡ್ಯಾಂಪರ್ ಕಾದು ಸೋಲುವ ಪ್ರಸಂಗವೇ ಇಲ್ಲ. ನನ್ನ ಕಾರಿಗೆ ನಿತ್ಯ ಎದುರಾಗುವುದು ಮಳೆಗಾಲ ಕಳೆದ ಮೇಲಿನ ಅಂಚು ಚೂಪಾದ ಗುಂಡಿಗಳು, ತೇಪೆ ಹಾಕಿದ ಡಾಂಬರು ಮತ್ತು ಊರೂರಿಗೂ ಇರುವ ಹಂಪ್‌ಗಳು. ಬಿಗಿಯಾದ ಡ್ಯಾಂಪರ್ ಇಂತಹ ಚೂಪಾದ ಪೆಟ್ಟನ್ನು ನುಂಗುವ ಬದಲು ಬಹುಪಾಲನ್ನು ಮೇಲಕ್ಕೆ ದಾಟಿಸುತ್ತದೆ. ಆ ಪೆಟ್ಟನ್ನು ತಿನ್ನುವುದು ಸ್ಟ್ರಟ್‌ನ ನೆತ್ತಿಯ ರಬ್ಬರ್ ಮೌಂಟಿಂಗ್, ಲೋವರ್ ಆರ್ಮಿನ ಬುಷ್ ಮತ್ತು ಹಿಂದಿನ ಸೀಟಿನಲ್ಲಿ ಕುಳಿತ ನನ್ನ ಅತ್ತೆಯವರ ಸೊಂಟ. ನುಣುಪಾದ ಹೆದ್ದಾರಿಯಲ್ಲಿ ವೇಗವಾಗಿ ಹೋಗುವವರಿಗೆ ಬಿ6 ಸರಿಯಾದ ಆಯ್ಕೆಯಾಗಬಹುದು. ಮಲೆನಾಡಿನ ನನ್ನ ದಾರಿಗೆ ಅದು ಅಲ್ಲವೆಂದು ಮನಸ್ಸು ಗಟ್ಟಿಮಾಡಿದೆ.

ಕೊನೆಗೆ ನಾನು ಆರಿಸಿದ್ದು ಸಾಕ್ಸ್‌ನ ಮೂಲ ದರ್ಜೆಯ ಸ್ಟ್ರಟ್‌ಗಳನ್ನು, 55 ಮಿಲಿಮೀಟರಿನವು, ನನ್ನ ಕಾರಿನ ಭಾಗಸಂಖ್ಯೆಗೆ ನೇರವಾಗಿ ಸಲ್ಲುವಂತಹವು. ಕಾರಿನ ಕಂಪನಿಯ ಪೆಟ್ಟಿಗೆಯಲ್ಲಿ ಬರುವುದಕ್ಕಿಂತ ಒಂದಕ್ಕೆ ಮೂರು ಸಾವಿರ ರೂಪಾಯಿ ಕಡಿಮೆ ಬಿತ್ತು. ಪೆಟ್ಟಿಗೆ ಬಂದಾಗ ಕೊಳವೆಯ ಮೇಲೆ ಒತ್ತಿದ್ದ ಸಂಖ್ಯೆಯೂ ಪೆಟ್ಟಿಗೆಯ ಚೀಟಿಯಲ್ಲಿದ್ದ ಸಂಖ್ಯೆಯೂ ಒಂದೇ ಆಗಿವೆಯೇ, ವೆಲ್ಡಿಂಗ್ ನೀಟಾಗಿದೆಯೇ, ರಾಡಿನ ಮೇಲೆ ಗೀರುಗಳಿವೆಯೇ ಎಂದು ಮೇಸ್ತ್ರಿಯವರ ಜೊತೆ ಕುಳಿತು ನೋಡಿದೆ. ಅಸಾಧಾರಣವಾಗಿ ಅಗ್ಗದ ಬೆಲೆಗೆ ಪ್ರಸಿದ್ಧ ಹೆಸರಿನ ಭಾಗವನ್ನು ಕೊಡುತ್ತೇನೆಂದವರೂ ಇದ್ದರು. ಬ್ರೇಕ್ ಮತ್ತು ಸಸ್ಪೆನ್ಷನ್ನಿನ ವಿಷಯದಲ್ಲಿ ಅಂತಹ ಉಳಿತಾಯ ನನಗೆ ಬೇಡವಾಗಿತ್ತು.

ಸ್ಪ್ರಿಂಗ್‌ಗಳನ್ನು ಬದಲಾಯಿಸಲಿಲ್ಲ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಕಡೆ ಅಳೆದಾಗ ವ್ಯತ್ಯಾಸ 4 ಮಿಲಿಮೀಟರಿಗಿಂತ ಹೆಚ್ಚಿರಲಿಲ್ಲ, ಸುರುಳಿಗಳ ಮೇಲೆ ತುಕ್ಕಿನ ಸಿಪ್ಪೆಯಾಗಲಿ ಬಿರುಕಾಗಲಿ ಇರಲಿಲ್ಲ, ಕಾರ್ಖಾನೆಯವರು ಹಚ್ಚಿದ ಬಣ್ಣದ ಗುರುತುಗಳು ಇನ್ನೂ ಓದಲು ಬರುವಂತಿದ್ದವು. ಆ ಬಣ್ಣದ ಗುರುತುಗಳೇ ಸ್ಪ್ರಿಂಗ್ ಯಾವ ತೂಕದ ವರ್ಗದ್ದೆಂದು ಹೇಳುವುದರಿಂದ, ಮುಂದೆ ಬೇಕಾದೀತೆಂದು ಅವುಗಳನ್ನೂ ಬರೆದಿಟ್ಟುಕೊಂಡೆ. ಆದರೆ ರಬ್ಬರ್ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್ (ಸ್ಟ್ರಟ್ ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯುವ ಮೆತ್ತೆ), ಧೂಳಿನ ಕವಚ, ಲಿಂಕ್ ರಾಡ್ ಇವನ್ನು ಎರಡೂ ಬದಿಗೆ ಹೊಸದಾಗಿ ತಂದೆ. ಇವೆಲ್ಲ ಸೇರಿದರೂ ಒಂದು ಸ್ಟ್ರಟ್‌ನ ಬೆಲೆಯಾಗುವುದಿಲ್ಲ. ಬಿಚ್ಚಿ ಜೋಡಿಸುವ ಕೂಲಿಯನ್ನು ಎರಡು ಸಲ ಕೊಡುವುದಕ್ಕಿಂತ ಈಗಲೇ ಹಾಕುವುದು ಮೇಲು. ನಕಲ್‌ನ ಬೋಲ್ಟ್ ಮತ್ತು ಸ್ಟ್ರಟ್‌ನ ಮೇಲಿನ ಬೋಲ್ಟ್‌ಗಳನ್ನು ಒಮ್ಮೆ ಬಿಗಿದು ತೆಗೆದ ಮೇಲೆ ಮತ್ತೆ ಬಳಸಬಾರದೆಂದು ತಯಾರಕರೇ ಹೇಳುವುದರಿಂದ ಅವುಗಳನ್ನೂ ಹೊಸದಾಗಿ ತರಿಸಿದೆ.

ಜೋಡಣೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೂ ನಾನು ಅಲ್ಲೇ ಇದ್ದೆ. ಈ ಕಾರಿನಲ್ಲಿ ಸ್ಟ್ರಟ್‌ನ ಮೇಲಿನ ಮೂರು ಬೋಲ್ಟ್‌ಗಳು ಬಾನೆಟ್ ಎತ್ತಿದ ಕೂಡಲೇ ಕೈಗೆ ಸಿಗುವುದಿಲ್ಲ; ವೈಪರ್‌ಗಳ ತೋಳನ್ನು ಕಳಚಿ, ಗಾಜಿನ ಬುಡದ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಯಬೇಕು. ಅದರ ಅಡಿಯಲ್ಲಿ ಎರಡು ಹಿಡಿ ಒಣಗಿದ ಎಲೆ, ಮಣ್ಣು ಸಿಕ್ಕಿತು. ಕೆಳಗೆ, ನಕಲ್‌ನ ಸೀಳಿನೊಳಗೆ ಚಪ್ಪಟೆ ಬಾಯಿಯ ಒಂದು ಉಪಕರಣವನ್ನು ತೂರಿಸಿ ಕಾಲು ಸುತ್ತು ತಿರುಗಿಸಿದಾಗ ತೂತು ಕೂದಲೆಳೆಯಷ್ಟು ಅಗಲವಾಗಿ ಕೊಳವೆಯನ್ನು ಬಿಟ್ಟುಕೊಟ್ಟಿತು. ಈ ಉಪಕರಣವಿಲ್ಲದವರು ಉಳಿ, ಸುತ್ತಿಗೆ ಬಳಸಿ ನಕಲ್ಲನ್ನೇ ಬಿರುಕುಬಿಡಿಸುವುದುಂಟು ಎಂದು ಮೇಸ್ತ್ರಿಯವರು ಹೇಳಿದರು.

ಹಳೆಯ ಸ್ಟ್ರಟ್‌ಗಳನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಾಗ ಎಡಗಡೆಯದು ಬೇಗ ಸೋರಿದ್ದಕ್ಕೆ ಕಾರಣ ಕಣ್ಣಿಗೆ ಬಿತ್ತು. ಅದರ ಹೊಳೆಯುವ ರಾಡಿನ ಮೇಲ್ಭಾಗದಲ್ಲಿ ಇಕ್ಕಳದ ಹಲ್ಲಿನ ಗುರುತುಗಳಿದ್ದವು. ಹಿಂದೆಂದೋ ಮೌಂಟಿಂಗ್ ಬದಲಾಯಿಸಿದವರು ನೆತ್ತಿಯ ನಟ್ ಬಿಚ್ಚುವಾಗ ರಾಡ್ ತಿರುಗದಿರಲೆಂದು ಅದನ್ನು ಇಕ್ಕಳದಲ್ಲಿ ಹಿಡಿದಿದ್ದಾರೆ. ಆ ಒರಟು ಗುರುತುಗಳು ಪ್ರತಿ ದೊಡ್ಡ ಗುಂಡಿಯಲ್ಲೂ ಆಯಿಲ್ ಸೀಲಿನೊಳಗೆ ಹೋಗಿ ಬಂದು ಅದನ್ನು ಹರಿದಿವೆ. ರಾಡಿನ ತುದಿಯಲ್ಲೇ ಅಲೆನ್ ಕೀ ಕೂರುವ ಕುಳಿ ಇದೆ, ಹಿಡಿಯಬೇಕಾದದ್ದು ಅಲ್ಲಿ. ಮೇಸ್ತ್ರಿಯವರು ಹಾಗೆಯೇ ಹಿಡಿದು ಬಿಗಿದರು. ಅದಕ್ಕೂ ಮೊದಲು ಹೊಸ ಸ್ಟ್ರಟ್‌ಗಳನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಬಾರಿ ಪೂರ್ತಿ ಒತ್ತಿ ಎಳೆದರು. ಅಡ್ಡ ಮಲಗಿಸಿ ಸಾಗಿಸುವಾಗ ಒಳಕೊಳವೆಗೆ ಸೇರಿದ ಅನಿಲ ಹೀಗೆ ಮಾಡಿದರೆ ಹೊರಬರುತ್ತದೆ. ಸ್ಪ್ರಿಂಗನ್ನು ಕುಗ್ಗಿಸುವ ಹೊತ್ತಿಗೆ ಮಾತ್ರ ನನ್ನನ್ನೂ ಹುಡುಗನನ್ನೂ ದೂರ ನಿಲ್ಲಿಸಿದರು, ಏಕೆಂದರೆ ಆ ಕೊಂಡಿ ಜಾರಿದರೆ ಸ್ಪ್ರಿಂಗ್ ಮನುಷ್ಯನ ಮೂಳೆ ಮುರಿಯುವ ಬಲದಲ್ಲಿ ಹಾರುತ್ತದೆ. ನಕಲ್‌ನ ಹೊಸ ಬೋಲ್ಟನ್ನು ಟಾರ್ಕ್ ವ್ರೆಂಚಿನಲ್ಲಿ 70 ನ್ಯೂಟನ್ ಮೀಟರಿಗೆ ಬಿಗಿದು, ಮೇಲೆ ಇನ್ನೂ 90 ಡಿಗ್ರಿ ತಿರುಗಿಸಿ ಮುಗಿಸಿದರು.

ಮರುದಿನ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಈ ಕಾರಿನ ಮುಂದಿನ ಚಕ್ರಗಳ ಕ್ಯಾಂಬರನ್ನು, ಅಂದರೆ ಎದುರಿನಿಂದ ನೋಡಿದಾಗ ಚಕ್ರ ಒಳಗೆ ಅಥವಾ ಹೊರಗೆ ವಾಲಿರುವ ಕೋನವನ್ನು, ಒಂದೊಂದಾಗಿ ಹೊಂದಿಸಲು ಅವಕಾಶವಿಲ್ಲ. ಕೆಳಗಿನ ಸಬ್‌ಫ್ರೇಮ್ ಎಂಬ ಚೌಕಟ್ಟನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿದರೆ ಎಡಬಲಗಳನ್ನು ಸಮಮಾಡಬಹುದು, ಅಷ್ಟೇ. ನಮ್ಮ ಕಾರಿನಲ್ಲಿ ಅದರ ಅಗತ್ಯ ಬೀಳಲಿಲ್ಲ, ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಮಾತ್ರ ಸರಿಪಡಿಸಿದರು.

ಎರಡು ವಾರ ಬಿಟ್ಟು ಹೆಬ್ರಿಗೆ ಹೊರಟೆವು. ಮೊದಲ ಕೆಲವು ಕಿಲೋಮೀಟರುಗಳಲ್ಲಿ ಕಾರು ಹಿಂದಿಗಿಂತ ಗಡುಸಾದಂತೆ ತೋರಿತು. ಸತ್ತ ಡ್ಯಾಂಪರಿನ ತೇಲಾಟವನ್ನೇ ನಾನು ಇಷ್ಟು ದಿನ ಮೆತ್ತಗಿನ ಸವಾರಿಯೆಂದು ತಿಳಿದಿದ್ದೆನೆಂಬುದು ಆಗ ಅರಿವಾಯಿತು. ಘಾಟಿಯ ತಿರುವುಗಳಲ್ಲಿ ಮೂತಿ ಒಮ್ಮೆ ಕುಗ್ಗಿ, ಎದ್ದು, ಅಲ್ಲಿಗೇ ನಿಂತಿತು. ಸ್ಟೀರಿಂಗ್ ತಿರುಗಿಸಿ ಬಿಟ್ಟರೆ ತಾನಾಗಿ ನಡುವಿಗೆ ಬರುತ್ತಿತ್ತು. ಬೇರಿಂಗ್ ಹಿಡಿದುಕೊಂಡಿದ್ದ ದಿನಗಳಲ್ಲಿ ಇದು ಇರಲಿಲ್ಲ, ಇರಲಿಲ್ಲವೆಂದು ನಾನು ಗಮನಿಸಿಯೂ ಇರಲಿಲ್ಲ. ಸೋಮೇಶ್ವರದ ಹತ್ತಿರ ಇಳಿದು ಎರಡೂ ಸ್ಟ್ರಟ್‌ಗಳ ಧೂಳಿನ ಕವಚದ ಕೆಳಗೆ ಬೆರಳಾಡಿಸಿ ನೋಡಿದೆ. ಒಣಗಿದ್ದವು.

ಈಗ ಮುಂಭಾಗ ಸರಿಯಾದ ಮೇಲೆ ಹಿಂಭಾಗದ ದಣಿವು ಎದ್ದು ಕಾಣುತ್ತಿದೆ; ತುಂಬಿದ ಡಿಕ್ಕಿಯೊಂದಿಗೆ ಹಂಪ್ ದಾಟಿದಾಗ ಹಿಂದಿನ ತುದಿ ಎರಡು ಸಲ ಏಳುತ್ತದೆ. ಈ ಕಾರಿನಲ್ಲಿ ಹಿಂದೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಬೇರೆ ಬೇರೆ ಇರುವುದರಿಂದ ಅಲ್ಲಿನ ಕೆಲಸ ಸುಲಭ, ಸ್ಪ್ರಿಂಗ್ ಕುಗ್ಗಿಸುವ ಅಪಾಯವೂ ಇಲ್ಲ. ಸರ್ವಿಸ್ ಪುಸ್ತಕದಿಂದ ಹಿಂದಿನ ಆಕ್ಸಲಿನ ಸಂಕೇತಗಳನ್ನು ಬರೆದುಕೊಂಡು, ಈ ಸಲ ಮೊದಲು ಭಾಗಸಂಖ್ಯೆ ಬರೆಸಿಕೊಂಡು, ಮೊನ್ನೆ ಸೋಮವಾರ ಒಂದು ಜೊತೆಗೆ ಹೇಳಿದ್ದೇನೆ.